ಕೊಟೇಶನ್ ಚೀಟಿಯ ಕೊನೇ ಸಾಲು

"ಬಜೆಟ್ ಎಷ್ಟದರಿ?"

ಕಲಬುರಗಿಯ ಯಾವ ಕಂಪ್ಯೂಟರ್ ಅಂಗಡಿಗೆ ಹೋಗಿ ಹೊಸ ಪಿಸಿ ಅಸೆಂಬಲ್ ಮಾಡಿಸಬೇಕು ಅಂದರೂ ಮೊದಲು ಬರೋ ಪ್ರಶ್ನೆ ಇದು. ಯಾಕೆ ಬೇಕು, ಅದರಲ್ಲಿ ಏನು ಮಾಡ್ತೀರಿ ಅನ್ನೋದೆಲ್ಲ ಆಮೇಲೆ. ನೀವೊಂದು ಸಂಖ್ಯೆ ಹೇಳುತ್ತೀರಿ, ಅಂಗಡಿಯವರು ಚೀಟಿ ಬರೆಯುತ್ತಾರೆ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್‌ಡಿಸ್ಕ್, ಮಾನಿಟರ್, ಕೀಬೋರ್ಡ್, ಮೌಸ್... ಎಲ್ಲಕ್ಕಿಂತ ಕೆಳಗೆ "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್". ಮೊತ್ತ ಬಜೆಟ್ ದಾಟಿತೋ, ಕತ್ತರಿ ಬೀಳುವುದು ಕೆಳಗಿನಿಂದ. ಮೇಲಿನ ಪ್ರೊಸೆಸರ್ ಸಾಲನ್ನು ಯಾರೂ ಮುಟ್ಟುವುದಿಲ್ಲ, ಗೆಳೆಯರಿಗೆ ಹೇಳಿಕೊಳ್ಳೋದು ಅದನ್ನೇ ಅಲ್ವಾ :)

ಈ ಚೀಟಿಗೂ ಒಂದು ಇತಿಹಾಸ ಇದೆ. ಅದನ್ನು ನೋಡಿದರೆ ನಮ್ಮಂಥ ಬಿಸಿಲೂರಿನಲ್ಲಿ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲನೆಯದಾಗಿ, ಬಿಡಿಭಾಗಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗೆ ಸಿಕ್ಕಿದ್ದೇ ಒಂದು ಅವಸರದಿಂದ. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಹೊರತಂದಿತು. 4.77 ಮೆಗಾಹರ್ಟ್ಸ್ ವೇಗದ ಇಂಟೆಲ್ 8088, 16 ಕೆಬಿ ಮೆಮೊರಿ, ಕನಿಷ್ಠ ಬೆಲೆ 1,565 ಡಾಲರ್. ಎಲ್ಲವನ್ನೂ ತಾನೇ ತಯಾರಿಸುತ್ತಾ ಕೂರಲು ಸಮಯ ಇರಲಿಲ್ಲವಾದ್ದರಿಂದ ಐಬಿಎಂ ಮಾರುಕಟ್ಟೆಯಲ್ಲಿ ಸಿಗುವ ಭಾಗಗಳನ್ನೇ ಜೋಡಿಸಿತು. ಸರ್ಕ್ಯೂಟ್ ವಿವರಗಳನ್ನೂ ಕೈಪಿಡಿಯಲ್ಲಿ ಪ್ರಕಟಿಸಿತು. ಬೀಗ ಇದ್ದದ್ದು ಬಯಾಸ್ ಒಂದಕ್ಕೇ. ಕಾಂಪ್ಯಾಕ್ ಕಂಪನಿ ಐಬಿಎಂನ ಕೋಡನ್ನು ನಕಲು ಮಾಡದೆ ಅದೇ ಕೆಲಸ ಮಾಡುವ ಬಯಾಸ್ ಬರೆದು 1982ರ ನವೆಂಬರಿನಲ್ಲಿ ತನ್ನ ಪಿಸಿ ಘೋಷಿಸಿತು. 1984ರಲ್ಲಿ ಫೀನಿಕ್ಸ್ ಕಂಪನಿ ಅಂಥದ್ದೇ ಬಯಾಸನ್ನು ಬೇಕಾದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಪಿಸಿ ಅನ್ನೋದು ಒಂದು ಕಂಪನಿಯ ವಸ್ತುವಾಗಿ ಉಳಿಯಲಿಲ್ಲ, ಬಿಡಿಭಾಗಗಳ ಪಟ್ಟಿಯಾಯಿತು.

ಆದರೆ ಆ ಪಟ್ಟಿ ನಮ್ಮೂರು ತಲುಪಲು ಇನ್ನೂ ಹದಿನೈದು ವರ್ಷ ಬೇಕಾಯಿತು. ಕಾರಣ ಆಮದು ಸುಂಕ. 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಬಂತು, ಸುಂಕ ಇಳಿಯಿತು. ಆದರೂ ಕಂಪ್ಯೂಟರ್ ಇದ್ದದ್ದು ಬ್ಯಾಂಕು, ಕಾಲೇಜು, ಕಚೇರಿಗಳಲ್ಲಿ. ಮನೆಗೆ ಕೊಳ್ಳುವ ಮಾತೇ ಇರಲಿಲ್ಲ. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಸುಂಕ ಹಂತಹಂತವಾಗಿ ಇಳಿದು 2005ಕ್ಕೆ ಸೊನ್ನೆಯಾಯಿತು. ನಮ್ಮ ಅಣ್ಣಂದಿರ ಕಾಲದ "ಅಸೆಂಬಲ್ಡ್ ಪಿಸಿ" ಯುಗ ಅಂದರೆ ಈ ಎಂಟು ವರ್ಷ.

ಕಲಬುರಗಿ ಆಗಿನ್ನೂ ಗುಲಬರ್ಗಾ (ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ). 1958ರಲ್ಲಿ ಶುರುವಾದ ಪಿಡಿಎ ಇಂಜಿನಿಯರಿಂಗ್ ಕಾಲೇಜು ಇತ್ತು, 1980ರ ವಿಶ್ವವಿದ್ಯಾಲಯ ಇತ್ತು, ಹಾಗಾಗಿ ಪಿಸಿ ಬೇಕೆನ್ನುವ ಹುಡುಗರೂ ಇದ್ದರು. ಮಾಲು ಬರುತ್ತಿದ್ದದ್ದು ಎರಡು ದಾರಿಯಿಂದ. ಒಂದು, ಸಿಕಂದರಾಬಾದಿನ ಪಾರ್ಕ್‌ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್. ಎಲ್ಲರ ಬಾಯಲ್ಲೂ ಬರೀ "ಸಿಟಿಸಿ". ಇನ್ನೊಂದು, ಬೆಂಗಳೂರಿನ ಎಸ್‌ಪಿ ರೋಡ್. ನಮಗೆ ರಾಜಧಾನಿಗಿಂತ ಹೈದರಾಬಾದೇ ಹತ್ತಿರ, ಸುಮಾರು 220 ಕಿಲೋಮೀಟರ್. ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಮದರ್‌ಬೋರ್ಡ್ ಡಬ್ಬವನ್ನು ತೊಡೆ ಮೇಲೆ ಇಟ್ಟುಕೊಂಡು ವಾಪಸ್ ಬರಬಹುದಿತ್ತು. ಆದರೆ ಒಂದು ಭಾಗ ಕೆಟ್ಟರೆ ವಾರಂಟಿಗೆ ಅದೂ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ಅಲ್ಲಿ ಉಳಿಸಿದ ದುಡ್ಡು ರೈಲಿನ ಟಿಕೆಟ್ಟಿಗೇ ಹೋಗುತ್ತಿತ್ತು. "ಕೆಡಬಾರದು" ಅನ್ನೋದು ನಮ್ಮಲ್ಲಿ "ವೇಗ ಇರಬೇಕು" ಅನ್ನೋದಕ್ಕಿಂತ ದೊಡ್ಡ ಗುಣವಾದದ್ದು ಹೀಗೆ.

ಚೀಟಿಯ ಮೊದಲ ಸಾಲಿಗೆ ಬರೋಣ. ಬಜೆಟ್ ಪ್ರೊಸೆಸರ್ ಅನ್ನೋ ಜಾತಿಯನ್ನೇ ಪ್ರಸಿದ್ಧಗೊಳಿಸಿದ್ದು ಇಂಟೆಲ್ ಸೆಲೆರಾನ್. 1998ರ ಏಪ್ರಿಲ್‌ನಲ್ಲಿ ಬಂದ ಮೊದಲ ಸೆಲೆರಾನ್‌ನಲ್ಲಿ ಎರಡನೇ ಹಂತದ ಕ್ಯಾಶ್ ಮೆಮೊರಿಯೇ ಇರಲಿಲ್ಲ, ಎಲ್ಲರೂ ಬೈದರು. ಆಗಸ್ಟ್‌ನಲ್ಲಿ ಬಂದ 300ಎ ಮಾದರಿಯಲ್ಲಿ 128 ಕೆಬಿ ಕ್ಯಾಶ್ ಇತ್ತು. ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಬಹಳಷ್ಟು ಚಿಪ್‌ಗಳು 450 ಮೆಗಾಹರ್ಟ್ಸ್‌ನಲ್ಲಿ ಆರಾಮಾಗಿ ಓಡಿದವು. ಅದರ ಬೆಲೆ 149 ಡಾಲರ್, ಆಗಿನ 450 ಮೆಗಾಹರ್ಟ್ಸ್ ಪೆಂಟಿಯಂ 2ರ ಬೆಲೆ 669 ಡಾಲರ್! ಇತ್ತ ಎಎಂಡಿಯ ಕೆ6-2, ಆಮೇಲೆ 2000ದಲ್ಲಿ ಡ್ಯೂರಾನ್ ಬಂದು ಪೈಪೋಟಿ ಕೊಟ್ಟವು. ಅಲ್ಲಿಂದ ಇಲ್ಲಿಯವರೆಗೂ ಅಗ್ಗದ ಪ್ರೊಸೆಸರ್ ಯಾವತ್ತೂ ಬಜೆಟ್ ಪಿಸಿಯ ದುರ್ಬಲ ಕೊಂಡಿ ಆಗಿಲ್ಲ. ಜನ ಮೋಸ ಹೋದದ್ದು ಎರಡನೇ ಸಾಲಿನಲ್ಲಿ.

1999ರಲ್ಲಿ ಇಂಟೆಲ್ 810 ಚಿಪ್‌ಸೆಟ್ ತಂದಿತು. ಗ್ರಾಫಿಕ್ಸ್ ಬೋರ್ಡಿನೊಳಗೇ, ಬೇರೆ ಕಾರ್ಡ್ ಬೇಡ. ಉಳಿತಾಯವೇನೋ ಒಳ್ಳೆಯದೇ, ಆದರೆ ಎಜಿಪಿ ಸ್ಲಾಟ್ ಇಲ್ಲ. ಪೆಂಟಿಯಂ 4 ಕಾಲದ 845ಜಿವಿ ಬೋರ್ಡುಗಳದ್ದೂ ಅದೇ ಕಥೆ. 845ಜಿ ಮತ್ತು 845ಜಿವಿ ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಆದರೆ ಮುಂದೆ ದುಡ್ಡು ಕೂಡಿದಾಗ ಗ್ರಾಫಿಕ್ಸ್ ಕಾರ್ಡ್ ಹಾಕೋಣ ಅಂದುಕೊಂಡವರಿಗೆ ಆ "ವಿ" ಅಕ್ಷರ ಬಾಗಿಲನ್ನೇ ಮುಚ್ಚಿತ್ತು. ನಂತರ ಸೇರಿಸಬಹುದಾದದ್ದನ್ನು ಇವತ್ತು ಕಡಿಮೆ ಕೊಂಡರೆ ಅದು ಉಳಿತಾಯ. ಸೇರಿಸುವ ಜಾಗವನ್ನೇ ಕಳೆದುಕೊಂಡರೆ ಅದು ನಷ್ಟ.

ರ‍್ಯಾಮ್ ಸಾಲಿಗೂ ಕನ್ನಡಕ್ಕೂ ನಂಟಿದೆ ಅಂದರೆ ನಂಬ್ತೀರಾ? ವಿಂಡೋಸ್ 98ರಲ್ಲಿ ಬರಹ, ನುಡಿ ತಂತ್ರಾಂಶಗಳು ತಮ್ಮದೇ ಫಾಂಟುಗಳ ಮೂಲಕ ಕನ್ನಡ ತೋರಿಸುತ್ತಿದ್ದವು. ವಿಂಡೋಸ್‌ನೊಳಗೇ ಯೂನಿಕೋಡ್ ಕನ್ನಡ, ತುಂಗಾ ಫಾಂಟಿನ ಜೊತೆ ಬಂದದ್ದು 2001ರ ಅಕ್ಟೋಬರಿನ ಎಕ್ಸ್‌ಪಿಯಲ್ಲಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡಿದ್ದು 128 ಎಂಬಿ ರ‍್ಯಾಮ್. 64ರಲ್ಲಿ ಹತ್ತುತ್ತಿತ್ತು, ಆದರೆ ತೆವಳುತ್ತಿತ್ತು. ಹಾಗಾಗಿ ಚೀಟಿಯಲ್ಲಿ 64 ಬರೆಸಿದವರು 98ರಲ್ಲೇ ಉಳಿದರು, ಅವರ ಪರದೆ ಮೇಲೆ ಯೂನಿಕೋಡ್ ಕನ್ನಡ ಬರೀ ಚೌಕುಳಿಗಳ ಸಾಲು.

ಈಗ ಕೊನೇ ಸಾಲು. ಇದು ನಮ್ಮ ನೆಲದ ಕಥೆ.

ಕಲಬುರಗಿಯಲ್ಲಿ ಏಪ್ರಿಲ್-ಮೇ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿಗೆ ಒಂದು ನಿಯಮ ಇದೆ: ಪ್ರತಿ 10 ಡಿಗ್ರಿ ಏರಿದಾಗ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಎಸ್‌ಎಂಪಿಎಸ್ ತುಂಬಾ ಇರೋದು ಇವೇ. 2000ದ ದಶಕದ ಮೊದಲ ವರ್ಷಗಳಲ್ಲಿ ತೈವಾನಿನ ಕೆಲವು ತಯಾರಕರ ಕಳಪೆ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಮದರ್‌ಬೋರ್ಡುಗಳಲ್ಲಿ ತಲೆ ಉಬ್ಬಿಸಿಕೊಂಡು ಒಡೆದವು. ತಂಪು ಊರಿನಲ್ಲಿ ನಾಲ್ಕು ವರ್ಷ ಬಾಳುವಂಥದ್ದು ಇಲ್ಲಿನ ಬಿಸಿಲಿಗೆ, ಮುಚ್ಚಿದ ಕಂಪ್ಯೂಟರ್ ಟೇಬಲ್ಲಿನೊಳಗೆ ಎಷ್ಟು ದಿನ ಬಾಳೀತು, ಲೆಕ್ಕ ಹಾಕಿ.

ಇನ್ನು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಮುಕ್ಕಾಲು-ಒಂದು ತಾಸಿನ ದಾರಿ. ಕೆಂಪು ಬಾಳೆಗೆ ಹೆಸರಾದ ಊರು, 2018ರಿಂದ ತಾಲೂಕು ಕೇಂದ್ರ. ಬಾಳೆ ಅಂದರೆ ನೀರು, ನೀರು ಅಂದರೆ ಪಂಪ್‌ಸೆಟ್. ಒಂದೇ ಲೈನಿನಲ್ಲಿ ಮೋಟಾರುಗಳು ಚಾಲೂ ಆದಾಗ ಮನೆಯ ವೋಲ್ಟೇಜ್ ಕುಸಿಯುತ್ತದೆ, ಎಲ್ಲ ಒಟ್ಟಿಗೆ ನಿಂತಾಗ ಜಿಗಿಯುತ್ತದೆ. ಆ ಏರಿಳಿತದ ಮುಂದೆ ಮೊದಲು ನಿಲ್ಲುವುದು ಎಸ್‌ಎಂಪಿಎಸ್. ಅದು ಅಗ್ಗದ್ದಾದರೆ ತಾನು ಸಾಯುವಾಗ ಬೋರ್ಡು, ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಬೇರೆ ಯಾವ ಭಾಗಕ್ಕೂ ಈ ಕೆಟ್ಟ ಗುಣ ಇಷ್ಟಿಲ್ಲ. ಡಬ್ಬದ ಮೇಲೆ "450 ವ್ಯಾಟ್" ಅಂತ ಬರೆದಿದ್ದರೆ ಸಾಲದು. 2000ದಲ್ಲಿ ಎಟಿಎಕ್ಸ್12ವಿ ನಿಯಮ ಬಂದಂದಿನಿಂದ ಪ್ರೊಸೆಸರ್ ವಿದ್ಯುತ್ ಪಡೆಯೋದು 12 ವೋಲ್ಟ್ ಸಾಲಿನಿಂದ. ಲೇಬಲ್ಲಿನಲ್ಲಿ 12 ವೋಲ್ಟ್ ಎದುರಿಗೆ ಎಷ್ಟು ಆಂಪಿಯರ್ ಇದೆ ಅಂತ ನೋಡಿ 12ರಿಂದ ಗುಣಿಸಿ, ನಿಜವಾದ ವ್ಯಾಟ್ ಸುಮಾರಾಗಿ ಅಲ್ಲಿ ಸಿಗುತ್ತದೆ.

ಚೀಟಿಯಲ್ಲೇ ಇಲ್ಲದ ಇನ್ನೊಂದು ಭಾಗ ಅರ್ಥಿಂಗ್. ಎಸ್‌ಎಂಪಿಎಸ್‌ನ ಫಿಲ್ಟರ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೈಮೇಲೆ 230ರ ಅರ್ಧ, ಅಂದರೆ 115 ವೋಲ್ಟ್ ಆಸುಪಾಸು ನಿಲ್ಲುತ್ತದೆ. ಆಗಷ್ಟೇ ಒರೆಸಿದ ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನೋದು ಇದಕ್ಕೇ. ಕರೆಂಟು ಅತ್ಯಲ್ಪ, ಆದರೆ ಕೇಬಲ್ ಚುಚ್ಚುವಾಗ ಪೋರ್ಟ್ ಸುಡಲು ಅಷ್ಟೇ ಸಾಕು. ಇದ್ದಿಲು, ಉಪ್ಪು ಹಾಕಿದ ಒಂದು ಅರ್ಥಿಂಗ್ ಗುಂಡಿ ಪ್ರೊಸೆಸರ್‌ಗಿಂತ ಹೆಚ್ಚು ಕಾಲ ಬಾಳುತ್ತದೆ.

ಬೆಲೆಯ ವಿಷಯದಲ್ಲಿ ಮಾತ್ರ ಚೀಟಿ ನಮ್ಮ ಕೈಯಲ್ಲಿಲ್ಲ. 1993ರ ಜುಲೈನಲ್ಲಿ ಜಪಾನಿನ ನಿಹಾಮಾದ ಸುಮಿಟೊಮೊ ರಾಸಾಯನಿಕ ಕಾರ್ಖಾನೆಯಲ್ಲಿ ಸ್ಫೋಟವಾಗಿ ಚಿಪ್ ಹೊದಿಕೆಯ ರಾಳಕ್ಕೆ ಬರ ಬಂತು, ರ‍್ಯಾಮ್ ಬೆಲೆ ಜಿಗಿಯಿತು. 1999ರ ಸೆಪ್ಟೆಂಬರ್ 21ರ ತೈವಾನ್ ಭೂಕಂಪದಲ್ಲೂ ಹಾಗೇ ಆಯಿತು. 2011ರ ಕೊನೆಗೆ ಥಾಯ್ಲೆಂಡಿನ ಪ್ರವಾಹದಲ್ಲಿ ಹಾರ್ಡ್‌ಡಿಸ್ಕ್ ಕಾರ್ಖಾನೆಗಳು ಮುಳುಗಿದವು. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಮತ್ತೆ ರ‍್ಯಾಮ್ ಬೆಲೆ ಏರಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಎಲ್ಲೋ ಯಾವುದೋ ದೇಶದ ಸುದ್ದಿ ತಿಂಗಳೊಳಗೆ ನಮ್ಮೂರ ಚೀಟಿಯ ಒಂದು ಸಾಲಾಗುತ್ತದೆ.

ಇಂಥ ಹೊತ್ತಿನಲ್ಲೇ ಎರಡನೇ ಸಾಲಿನ ಪಾಠ ಉಪಯೋಗಕ್ಕೆ ಬರುವುದು. ಎಎಂಡಿಯ ಎಎಂ4 ಸಾಕೆಟ್ ನೋಡಿ. 2017ರಲ್ಲಿ ರೈಜೆನ್ ಹಾಕಲು ಕೊಂಡ ಬೋರ್ಡಿಗೆ 2022ರಲ್ಲಿ ರೈಜೆನ್ 5000 ಸರಣಿಯ ಬೆಂಬಲವೂ ಸಿಕ್ಕಿತು. 2018ರ ರೈಜೆನ್ 3 2200ಜಿ ಹಾಕಿ, ಒಳಗಿನ ಗ್ರಾಫಿಕ್ಸ್‌ನಲ್ಲೇ ಓದು ಮುಗಿಸಿ, ಸಂಬಳ ಬಂದ ಮೇಲೆ ಅದೇ ಬೋರ್ಡಿಗೆ ಬೇರೆ ಚಿಪ್ ಕೂರಿಸಿದವರು ಬೇಕಾದಷ್ಟಿದ್ದಾರೆ. 845ಜಿವಿ ಮುಚ್ಚಿದ್ದ ಬಾಗಿಲನ್ನು ಇದು ತೆರೆದಿಟ್ಟಿತ್ತು.

ಹಾಗಾಗಿ ಮೊದಲ ಪಿಸಿ ಕಟ್ಟಿಸುವ ತಮ್ಮ-ತಂಗಿಯರಿಗೆ ಹೇಳೋದು ಇಷ್ಟೇ. ಮೊದಲು ಅರ್ಥಿಂಗ್ ನೋಡಿಸಿ. ಆಮೇಲೆ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಬರೆಸಿ. ಈಗಿನ ಕೆಲವು ಆಕ್ಟಿವ್ ಪಿಎಫ್‌ಸಿ ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್‌ನ ಚೌಕ ಅಲೆಯ ಮೇಲೆ ಆಫ್ ಆಗಿಬಿಡುತ್ತವೆ, ಎರಡನ್ನೂ ಜೋಡಿಸಿ ಕರೆಂಟ್ ತೆಗೆದು ಅಂಗಡಿಯಲ್ಲೇ ಪರೀಕ್ಷಿಸಿ. ಗಾಳಿಯಾಡುವ ಕ್ಯಾಬಿನೆಟ್ ಇರಲಿ. ಬೋರ್ಡಿನಲ್ಲಿ ಖಾಲಿ ಸ್ಲಾಟ್ ಉಳಿಯಲಿ. ರ‍್ಯಾಮ್ ಸದ್ಯಕ್ಕೆ ಒಂದೇ ಕಡ್ಡಿ ಆದರೂ ನಡೆದೀತು. ಪ್ರೊಸೆಸರ್ ಎಲ್ಲಕ್ಕಿಂತ ಕೊನೆಗೆ, ಉಳಿದ ದುಡ್ಡಿನಲ್ಲಿ.

ತೊಗರಿ ಮಾರಿ ಬಂದ ದುಡ್ಡೋ, ಬಾಳೆ ಮಾರಿ ಬಂದ ದುಡ್ಡೋ, ಮನೆಯವರು ಎರಡನೇ ಸಲ ಅದನ್ನು ಕೊಡೋದು ಕಷ್ಟ. ಐದು ಮೇಗಳನ್ನು ದಾಟಿದ ಪಿಸಿಯೇ ನಮ್ಮೂರಲ್ಲಿ ಅಗ್ಗದ ಪಿಸಿ.