ಈಜು ಪರೀಕ್ಷೆ, ಅಮೆರಿಕದ ನೌಕಾಪಡೆಯ

ಅಮೆರಿಕದ ನೌಕಾಪಡೆಗೆ ಸೇರಿದವರು ಮೂಲ ತರಬೇತಿಯಲ್ಲಿ ತೇರ್ಗಡೆಯಾಗಲೇಬೇಕಾದ ನೀರಿನ ಪರೀಕ್ಷೆ. ಕಡತಗಳಲ್ಲಿ ಇದರ ಹೆಸರು 'ಮೂರನೆಯ ದರ್ಜೆಯ ಈಜುಗಾರ' ಅರ್ಹತೆ. ನಾವಿಕರಿಗೆ ಇದು ಇಲಿನಾಯ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ದಡದ ಗ್ರೇಟ್ ಲೇಕ್ಸ್ ನೆಲೆಯಲ್ಲಿ ನಡೆಯುತ್ತದೆ. 1911ರಲ್ಲಿ ಆರಂಭವಾದ ಈ ನೆಲೆಯು 1990ರ ದಶಕದಲ್ಲಿ ಸ್ಯಾನ್ ಡಿಯಾಗೊ ಮತ್ತು ಒರ್ಲ್ಯಾಂಡೊ ಕೇಂದ್ರಗಳು ಮುಚ್ಚಿದ ಮೇಲೆ ನಾವಿಕರ ಮೂಲ ತರಬೇತಿಯ ಏಕೈಕ ಕೇಂದ್ರವಾಗಿ ಉಳಿದಿದೆ. ಹೆಸರಿನಲ್ಲಿ ಈಜು ಇದ್ದರೂ ಪರೀಕ್ಷೆಯ ತಿರುಳು ತೇಲುವುದು. ಹಡಗು ಕೈಬಿಟ್ಟ ನಾವಿಕ ನೆರವು ಬರುವವರೆಗೆ ನೀರಿನ ಮೇಲೆ ಉಳಿಯಬಲ್ಲನೇ ಎಂಬುದನ್ನು ಇದು ನೋಡುತ್ತದೆ. ಸಿದ್ಧತೆಯ ಕ್ರಮವೂ ಈ ಉದ್ದೇಶವನ್ನೇ ಅನುಸರಿಸಬೇಕು.

ಪರೀಕ್ಷೆಯ ಸ್ವರೂಪ

ಪರೀಕ್ಷೆಗೆ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ಮೂರು ಅಂಗಗಳು: ಎತ್ತರದಿಂದ ಆಳದ ನೀರಿಗೆ ಕಾಲು ಮುಂದಾಗಿ ಧುಮುಕುವುದು, 50 ಗಜ (ಸುಮಾರು 45.7 ಮೀಟರ್) ಈಜುವುದು, ಐದು ನಿಮಿಷ ಬೋರಲು ತೇಲುವುದು. ಎರಡನೆಯ ಭಾಗದಲ್ಲಿ ತೊಟ್ಟ ಬಟ್ಟೆಗೆ ಗಾಳಿ ತುಂಬಿ ಅದನ್ನೇ ಆಸರೆಯಾಗಿ ಮಾಡಿಕೊಂಡು ತೇಲಬೇಕು. ಈಜಿಗೆ ಕಾಲಮಿತಿಯಿಲ್ಲ. ಫ್ರೀಸ್ಟೈಲ್, ಕಪ್ಪೆ ಈಜು, ಮಗ್ಗುಲು ಈಜು, ಅಂಗಾತ ಈಜು, ಯಾವುದಾದರೂ ಸರಿ. ಈಜು ಬಾರದೆ ಬಂದವರಿಗೆ ಕೇಂದ್ರದಲ್ಲೇ ಹೆಚ್ಚುವರಿ ಪಾಠವಿರುತ್ತದೆ. ತೇರ್ಗಡೆಯಾಗದೆ ತರಬೇತಿ ಮುಗಿಯುವುದಿಲ್ಲ.

ಎರಡನೆಯ ದರ್ಜೆಯ ಅರ್ಹತೆಗೆ 100 ಗಜ ಈಜಬೇಕು. ನಾಲ್ಕು ಬಗೆಯ ಈಜನ್ನು ತಲಾ 25 ಗಜ ತೋರಿಸಬೇಕು. ಇದು ಮೂಲ ತರಬೇತಿಯ ವ್ಯಾಪ್ತಿಗೆ ಸೇರಿದ್ದಲ್ಲ.

ಇತಿಹಾಸ

ಯೋಧನಿಗೆ ಈಜು ಕಲಿಸಬೇಕೆಂಬ ವಿಚಾರ ಹಳೆಯದು. ರೋಮನ್ ಲೇಖಕ ವೆಜೀಷಿಯಸ್ ತನ್ನ ಯುದ್ಧಶಾಸ್ತ್ರದ ಗ್ರಂಥದಲ್ಲಿ, ಹೊಸದಾಗಿ ಸೇರಿದ ಸೈನಿಕರೆಲ್ಲರೂ ಬೇಸಿಗೆಯಲ್ಲಿ ಈಜು ಕಲಿಯಬೇಕೆಂದು ಹೇಳುತ್ತಾನೆ. ನದಿಗಳಿಗೆ ಎಲ್ಲೆಡೆ ಸೇತುವೆ ಇರುವುದಿಲ್ಲ ಎಂಬುದು ಅವನು ಕೊಡುವ ಕಾರಣ. ಜಪಾನಿನ ಸಮುರಾಯ್ ಪರಂಪರೆಯಲ್ಲಿ ಕವಚ ತೊಟ್ಟು ಈಜುವ ಕಲೆ ಬೆಳೆದಿತ್ತು. ಆಧುನಿಕ ಯೂರೋಪಿನಲ್ಲಿ ಪ್ರಷ್ಯದ ಸೇನಾಧಿಕಾರಿ ಅರ್ನ್ಸ್ಟ್ ಫಾನ್ ಪ್ಫ್ಯುಯೆಲ್ 1810ರಲ್ಲಿ ಪ್ರಾಗ್‌ನಲ್ಲಿ, 1817ರಲ್ಲಿ ಬರ್ಲಿನ್‌ನಲ್ಲಿ ಸೇನಾ ಈಜು ಶಾಲೆಗಳನ್ನು ಸ್ಥಾಪಿಸಿದ. ಆದರೂ ಹಾಯಿ ಹಡಗುಗಳ ಕಾಲದ ನಾವಿಕರಲ್ಲಿ ಈಜು ಬಾರದವರೇ ಬಹಳವಿದ್ದರೆಂದು ಕಾಣುತ್ತದೆ.

ಗ್ರೇಟ್ ಲೇಕ್ಸ್‌ನ ತರಬೇತಿ ಕೊಳಕ್ಕೆ 'ಯು.ಎಸ್.ಎಸ್. ಇಂಡಿಯಾನಾಪೊಲಿಸ್' ಯುದ್ಧನೌಕೆಯ ಹೆಸರಿಟ್ಟಿದ್ದಾರೆ. ಪರೀಕ್ಷೆ ಏಕೆ ಹೀಗಿದೆ ಎಂಬುದಕ್ಕೆ ಆ ಹಡಗಿನ ಕತೆಗಿಂತ ಒಳ್ಳೆಯ ವಿವರಣೆ ಸಿಗುವುದು ಕಷ್ಟ. ಅಣುಬಾಂಬಿನ ಭಾಗಗಳನ್ನು 1945ರ ಜುಲೈ 26ರಂದು ಟಿನಿಯನ್ ದ್ವೀಪಕ್ಕೆ ತಲುಪಿಸಿದ ಈ ಕ್ರೂಸರ್‌ಗೆ ಜುಲೈ 30ರ ನಡುರಾತ್ರಿ ಕಳೆಯುತ್ತಿದ್ದಂತೆ ಜಪಾನಿನ ಐ-58 ಜಲಾಂತರ್ಗಾಮಿಯ ಟಾರ್ಪೆಡೊಗಳು ಬಡಿದವು. ಹಡಗು 12 ನಿಮಿಷಗಳಲ್ಲಿ ಮುಳುಗಿತು. ಅದರಲ್ಲಿದ್ದ 1,195 ಮಂದಿಯಲ್ಲಿ ಸುಮಾರು 300 ಜನ ಹಡಗಿನೊಂದಿಗೇ ಹೋದರು. ಉಳಿದವರು ನೀರಿಗೆ ಬಿದ್ದರು. ಹಡಗು ನಿಗದಿತ ಬಂದರಿಗೆ ಬಾರದಿದ್ದರೂ ಯಾರೂ ವಿಚಾರಿಸಲಿಲ್ಲ. ಆಗಸ್ಟ್ 2ರಂದು ಗಸ್ತು ವಿಮಾನವೊಂದರ ಸಿಬ್ಬಂದಿ ಅವರನ್ನು ಆಕಸ್ಮಿಕವಾಗಿ ಕಂಡರು. ಬದುಕುಳಿದವರು 316. (ಹಳೆಯ ಪುಸ್ತಕಗಳಲ್ಲಿ 317 ಎಂದಿದೆ. ನೌಕಾಪಡೆಯ ಇತಿಹಾಸಕಾರರು ದಾಖಲೆಗಳನ್ನು ಮತ್ತೆ ತಾಳೆ ನೋಡಿ 2018ರಲ್ಲಿ ಈ ಸಂಖ್ಯೆಯನ್ನು ತಿದ್ದಿದರು.)

ಜನಪ್ರಿಯ ಕಥನಗಳಲ್ಲಿ ಈ ದುರಂತವೆಂದರೆ ಶಾರ್ಕ್‌ಗಳು. ಆದರೆ ಬಿಸಿಲು, ಬಾಯಾರಿಕೆ, ಉಪ್ಪುನೀರು ಕುಡಿದು ಬುದ್ಧಿಭ್ರಮಣೆ, ರಾತ್ರಿಯ ಚಳಿ, ಗಾಯಗಳು ಇವೇ ಹೆಚ್ಚಿನ ಸಾವಿಗೆ ಕಾರಣವಾಗಿದ್ದಿರಬೇಕು. ನಾವಿಕರು ತೊಟ್ಟಿದ್ದ ಕಪೋಕ್ ಹತ್ತಿಯ ಜೀವರಕ್ಷಕ ಅಂಗಿಗಳು ದಿನಗಳು ಕಳೆದಂತೆ ನೀರು ಹೀರಿ ಭಾರವಾದವು. ಈಜಿ ದಡ ಸೇರುವ ಪ್ರಶ್ನೆಯೇ ಅಲ್ಲಿರಲಿಲ್ಲ. ಗುಂಪು ಬಿಡದೆ, ಶಕ್ತಿ ವ್ಯಯಿಸದೆ ತೇಲುತ್ತ ಉಳಿದದ್ದು ಬದುಕುಳಿದವರನ್ನು ಕಾಯಿತು.

ಭೂಮಿಯ ಮೇಲಿನ ಶಿಸ್ತನ್ನು ನೀರಿಗೆ ಒಯ್ದರೆ ಏನಾಗುತ್ತದೆ ಎಂಬುದನ್ನು ಇನ್ನೊಂದು ಘಟನೆ ತೋರಿಸಿತು. 1956ರ ಏಪ್ರಿಲ್ 8ರ ರಾತ್ರಿ ದಕ್ಷಿಣ ಕ್ಯಾರೊಲೈನದ ಪ್ಯಾರಿಸ್ ಐಲೆಂಡ್‌ನಲ್ಲಿ ಮರೀನ್ ದಳದ ತರಬೇತುದಾರನೊಬ್ಬ, ಶಿಸ್ತು ಕಲಿಸುವ ನೆಪದಲ್ಲಿ 71ನೆಯ ತುಕಡಿಯ ಹುಡುಗರನ್ನು ರಿಬ್ಬನ್ ಕ್ರೀಕ್ ಎಂಬ ಉಬ್ಬರವಿಳಿತದ ಹಿನ್ನೀರಿಗೆ ನಡೆಸಿದ. ಆಳಕ್ಕೆ ಸಿಕ್ಕಿ ಗಾಬರಿಯಾದವರಲ್ಲಿ ಆರು ಮಂದಿ ಸತ್ತರು. ಸೇನಾ ನ್ಯಾಯಾಲಯದ ವಿಚಾರಣೆ ದೇಶದ ಗಮನ ಸೆಳೆಯಿತು. ತರಬೇತುದಾರರ ಮೇಲಿನ ನಿಗಾ ಬಿಗಿಯಾಯಿತು.

ತೇಲುವ ತಂತ್ರದ ಮೂಲಪುರುಷರಲ್ಲಿ ಜಾರ್ಜಿಯಾ ಟೆಕ್ ಸಂಸ್ಥೆಯ ಈಜು ತರಬೇತುದಾರ ಫ್ರೆಡ್ ಲನೂ ಮುಖ್ಯ. ಅವನ ವಿಧಾನದಲ್ಲಿ ಮುಖ ನೀರಿನಲ್ಲಿರುತ್ತದೆ, ಕೈಕಾಲು ಸಡಿಲವಾಗಿ ಇಳಿಬಿದ್ದಿರುತ್ತವೆ, ಉಸಿರು ಬೇಕಾದಾಗ ಮಾತ್ರ ತಲೆ ಮೇಲೇಳುತ್ತದೆ. 1963ರಲ್ಲಿ ಅವನ ಪುಸ್ತಕ ಪ್ರಕಟವಾಯಿತು. ಅವನ ತರಗತಿ ಆ ಸಂಸ್ಥೆಯ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ಕಡ್ಡಾಯವಾಗಿತ್ತು. ಇಂದಿನ ಬೋರಲು ತೇಲುವ ಪರೀಕ್ಷೆ ಇದರ ಹತ್ತಿರದ ಬಂಧು.

ತೇಲುವುದರ ಹಿಂದಿನ ವಿಜ್ಞಾನ

ಶ್ವಾಸಕೋಶ ತುಂಬಿರುವಾಗ ಬಹುತೇಕ ಮನುಷ್ಯರ ದೇಹದ ಸಾಂದ್ರತೆ ನೀರಿಗಿಂತ ತುಸು ಕಡಿಮೆ. ಉಸಿರು ಪೂರ್ತಿ ಬಿಟ್ಟಾಗ ಅದು ನೀರಿಗಿಂತ ತುಸು ಹೆಚ್ಚಾಗುತ್ತದೆ. ತೇಲುವುದಕ್ಕೂ ಮುಳುಗುವುದಕ್ಕೂ ನಡುವಿನ ಅಂತರ ಎದೆಯೊಳಗಿನ ಕೆಲವು ಲೀಟರ್ ಗಾಳಿಯಷ್ಟೇ. ಕೊಬ್ಬು ನೀರಿಗಿಂತ ಹಗುರ, ಸ್ನಾಯುವೂ ಮೂಳೆಯೂ ಭಾರ. ಆದ್ದರಿಂದ ಕಟ್ಟುಮಸ್ತಾದ ತೆಳ್ಳನೆಯ ಯುವಕರು, ಅಂದರೆ ಸೇನೆಗೆ ಹೇಳಿ ಮಾಡಿಸಿದಂಥವರು, ತೇಲುವುದರಲ್ಲಿ ಹಿಂದೆ ಬೀಳುವುದುಂಟು. ಓಟದಲ್ಲಿ ಮುಂದಿರುವ ಹುಡುಗ ಕೊಳದಲ್ಲಿ ತಡವರಿಸುವುದಕ್ಕೆ ಇದೂ ಒಂದು ಕಾರಣ.

ದೇಹವನ್ನು ಎತ್ತಿ ಹಿಡಿಯುವ ಬಲದ ಕೇಂದ್ರ ಗಾಳಿ ತುಂಬಿದ ಎದೆಯ ಬಳಿ ಇರುತ್ತದೆ. ಗುರುತ್ವ ಕೇಂದ್ರ ಸೊಂಟದ ಹತ್ತಿರವಿರುತ್ತದೆ. ಎರಡೂ ಒಂದೇ ಲಂಬರೇಖೆಗೆ ಬರುವವರೆಗೆ ದೇಹ ತಿರುಗುತ್ತದೆ, ಕಾಲು ಕೆಳಗಿಳಿಯುತ್ತದೆ. ಕಲಿಯುವವನು ಇದನ್ನು ಮುಳುಗುವ ಸೂಚನೆಯೆಂದು ಭಾವಿಸಿ ಕಾಲು ಬಡಿಯತೊಡಗುತ್ತಾನೆ. ಕಾಲು ಇಳಿದರೆ ಇಳಿಯಲಿ, ಬೆನ್ನಿನ ಮೇಲ್ಭಾಗ ನೀರಿನ ಮಟ್ಟದಲ್ಲಿದ್ದರೆ ಸಾಕು.

ತಲೆಯ ಲೆಕ್ಕ ಇನ್ನೂ ಮುಖ್ಯ. ಮನುಷ್ಯನ ತಲೆ ನಾಲ್ಕೈದು ಕಿಲೊ ತೂಗುತ್ತದೆ. ಅದು ನೀರೊಳಗಿದ್ದಾಗ ಆ ಭಾರವನ್ನು ನೀರೇ ಹೊರುತ್ತದೆ. ಹೊರಗೆತ್ತಿದಾಗ ಕೈಕಾಲುಗಳು ಹೊರಬೇಕು. ಐದು ನಿಮಿಷ ತಲೆ ಎತ್ತಿ ಹಿಡಿಯಹೊರಟವನು ದಣಿಯುತ್ತಾನೆ. ಮುಖವನ್ನು ನೀರಿಗೊಪ್ಪಿಸಿ, ಉಸಿರಿಗೆ ಮಾತ್ರ ಎತ್ತುವವನಿಗೆ ಐದು ನಿಮಿಷ ದೊಡ್ಡದಲ್ಲ.

ಬಟ್ಟೆಗೆ ಗಾಳಿ ತುಂಬುವುದು

ಒಣಗಿದ ಬಟ್ಟೆಯಿಂದ ಗಾಳಿ ಸೋರುತ್ತದೆ. ನೆನೆದ ಬಟ್ಟೆಯಲ್ಲಿ ನೂಲುಗಳ ನಡುವಿನ ಕಿಂಡಿಗಳನ್ನು ನೀರು ಮುಚ್ಚುವುದರಿಂದ ಗಾಳಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಪ್ಯಾಂಟಿನ ವಿಧಾನ ಹೀಗಿದೆ: ನೀರಿನಲ್ಲೇ ಅದನ್ನು ಕಳಚಿ, ಎರಡೂ ಕಾಲುಗಳ ತುದಿಗಳನ್ನು ಸೇರಿಸಿ ಗಂಟು ಹಾಕಬೇಕು. ಮುಂಭಾಗದ ಜಿಪ್ ಎಳೆದು ಮುಚ್ಚಬೇಕು. ಸೊಂಟದ ಬಾಯನ್ನು ತೆರೆದು ಹಿಡಿದು ತಲೆಯ ಹಿಂದಿನಿಂದ ಮುಂದಕ್ಕೆ ಬೀಸಿ ನೀರಿಗೆ ಬಡಿಯಬೇಕು. ಒಳಹೊಕ್ಕ ಗಾಳಿ ಹೊರಹೋಗದಂತೆ ಬಾಯನ್ನು ನೀರಿನ ಕೆಳಗೆ ಒಟ್ಟಿಗೆ ಹಿಡಿದು, ಉಬ್ಬಿದ ಎರಡು ಕಾಲುಗಳ ನಡುವೆ ಕತ್ತು ತೂರಿಸಬೇಕು. ಬೀಸುವ ಶಕ್ತಿಯಿಲ್ಲದವರು ಅಂಗೈಯಿಂದ ನೀರು ಬಡಿದು ಗುಳ್ಳೆಗಳನ್ನು ಒಳದೂಡಬಹುದು, ಇಲ್ಲವೇ ಕೆಳಗಿನಿಂದ ಊದಬಹುದು. ಅಂಗಿಯಾದರೆ ಕತ್ತಿನವರೆಗೆ ಗುಂಡಿ ಹಾಕಿ, ಮೇಲಿನ ಗುಂಡಿಗಳ ನಡುವಿನ ಸಂದಿಯಿಂದ ಊದಿದಾಗ ಗಾಳಿ ಹೆಗಲ ಬಳಿ ಉಬ್ಬಿ ನಿಲ್ಲುತ್ತದೆ. ಬಟ್ಟೆಯ ಮೇಲ್ಭಾಗಕ್ಕೆ ಆಗಾಗ ನೀರು ಎರಚುತ್ತಿರಬೇಕು. ನಮ್ಮ ಹಳ್ಳಿಗಳ ಬಾವಿಯಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಕಟ್ಟುತ್ತಿದ್ದ ಸೋರೆಬುರುಡೆಯ ಕೆಲಸವನ್ನು ಇಲ್ಲಿ ಪ್ಯಾಂಟು ಮಾಡುತ್ತದೆ.

ಸಿದ್ಧತೆ

ಸೇನೆಗೆ ಹೊರಡುವ ಮುನ್ನ ಹಲವರು 50 ಗಜದ ಈಜನ್ನಷ್ಟೇ ಅಭ್ಯಾಸ ಮಾಡುತ್ತಾರೆ. ಇದು ತಲೆಕೆಳಗಾದ ಕ್ರಮ. ಮೊದಲು ಉಸಿರು: ಎದೆಮಟ್ಟದ ನೀರಿನಲ್ಲಿ ಮುಖವಿಳಿಸಿ ನಿಧಾನವಾಗಿ ಬಿಡುವುದು, ಎತ್ತಿ ಎಳೆದುಕೊಳ್ಳುವುದು. ಎರಡನೆಯದು ಬೋರಲು ತೇಲುವುದು, ಅರ್ಧ ನಿಮಿಷದಿಂದ ಆರಂಭಿಸಿ ಐದು ನಿಮಿಷದವರೆಗೆ. ಮೂರನೆಯದು ಗೋಡೆ ಒದ್ದು ಜಾರುವುದು. ಅದಾದ ಮೇಲೆ ಯಾವುದಾದರೂ ಒಂದು ಈಜು. ಕಾಲಮಿತಿಯಿಲ್ಲದ ಕಾರಣ ವೇಗಕ್ಕಿಂತ ಲಯ ಮುಖ್ಯ. ಅಂಗಾತ ಈಜೂ ಗೊತ್ತಿದ್ದರೆ ದಣಿದಾಗ ಮಗುಚಿಕೊಳ್ಳಬಹುದು.

ಧುಮುಕುವುದು ಕೊನೆಗೆ. ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡ ಮೇಲೆ ದೃಷ್ಟಿ ನೇರ ಮುಂದಿರಬೇಕು. ಒಂದು ಕೈಯಿಂದ ಮೂಗುಬಾಯಿ ಮುಚ್ಚಿ, ಇನ್ನೊಂದು ಕೈಯನ್ನು ಅದರ ಮೇಲೆ ಅಡ್ಡ ತಂದು, ಹೆಜ್ಜೆಯಿಟ್ಟ ಮೇಲೆ ಕಣಕಾಲುಗಳನ್ನು ಕತ್ತರಿಯಾಗಿ ಸೇರಿಸಬೇಕು. ಕೆಳಗೆ ನೋಡಿದರೆ ದೇಹ ಮುಂದಕ್ಕೆ ಬಾಗಿ ಮುಖವೋ ಹೊಟ್ಟೆಯೋ ನೀರಿಗೆ ಬಡಿಯುತ್ತದೆ.

ಎರಡು ಎಚ್ಚರಿಕೆಗಳು. ಒಂಟಿಯಾಗಿ ಅಭ್ಯಾಸ ಮಾಡಬಾರದು. ಮುಳುಗುವ ಮುನ್ನ ಜೋರಾಗಿ ಮೇಲಿಂದ ಮೇಲೆ ಉಸಿರಾಡಬಾರದು. ಹಾಗೆ ಮಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರೆಳೆಯಬೇಕೆಂಬ ತುಡಿತವೇ ಬಾರದೆ ನೀರಿನಡಿಯಲ್ಲಿ ಪ್ರಜ್ಞೆ ತಪ್ಪಬಹುದು. ಒಳ್ಳೆಯ ಈಜುಗಾರರೂ ಹೀಗೆ ಸತ್ತಿದ್ದಾರೆ.

ಇತರ ಪಡೆಗಳು

ಅಮೆರಿಕದ ಮರೀನ್ ದಳದ ಮೂಲ ಪರೀಕ್ಷೆ ಸಮವಸ್ತ್ರ, ಬೂಟುಗಳಲ್ಲೇ ನಡೆಯುತ್ತದೆ: 25 ಮೀಟರ್ ಈಜು, ನಾಲ್ಕು ನಿಮಿಷ ನಿಂತಲ್ಲೇ ತೇಲುವುದು, ಗೋಪುರದಿಂದ ಧುಮುಕುವುದು, ನೀರಿನಡಿಯಲ್ಲಿ 10 ಸೆಕೆಂಡಿನೊಳಗೆ ಶಿರಸ್ತ್ರಾಣ, ಕವಚ, ಬಂದೂಕು ಕಳಚುವುದು, ಬೆನ್ನುಚೀಲದೊಂದಿಗೆ 25 ಮೀಟರ್ ಈಜುವುದು.

ಭಾರತದ ನೌಕಾಪಡೆಯ ನಾವಿಕರ ಮೂಲ ತರಬೇತಿ ಒಡಿಶಾದ ಐ.ಎನ್.ಎಸ್. ಚಿಲ್ಕಾದಲ್ಲಿ ನಡೆಯುತ್ತದೆ. ಈಜು ಅದರ ಭಾಗ.

ಮಿತಿಗಳು

ಕೊಳದ ನೀರು ಬೆಚ್ಚಗೆ, ಅಲೆಯಿಲ್ಲದೆ ಇರುತ್ತದೆ. ತಣ್ಣೀರಿಗೆ ಬಿದ್ದವನಿಗೆ ಮೊದಲ ನಿಮಿಷದಲ್ಲಿ ತಡೆಯಲಾಗದ ಏದುಸಿರು ಬರುತ್ತದೆ. ಸುಮಾರು ಹತ್ತು ನಿಮಿಷಗಳಲ್ಲಿ ಕೈಬೆರಳುಗಳು ಮಾತು ಕೇಳದಂತಾಗುತ್ತವೆ. ಗಂಟು ಹಾಕುವುದು, ಗುಂಡಿ ಹಾಕುವುದು ಆಗ ಕಷ್ಟ. ಲನೂನ ವಿಧಾನಕ್ಕೂ ಇಲ್ಲಿ ಮಿತಿಯಿದೆ. ತಣ್ಣೀರಿನಲ್ಲಿ ತಲೆ ಮುಳುಗಿಸಿದರೆ ಶಾಖ ಬೇಗ ಸೋರುತ್ತದೆಂದು 1970ರ ದಶಕದ ಕೆನಡಾದ ಸಂಶೋಧನೆಗಳು ತೋರಿಸಿದವು. ಜೀವರಕ್ಷಕ ಅಂಗಿ ಇದ್ದಲ್ಲಿ ತಲೆ ಮೇಲಿಟ್ಟು, ಮಂಡಿಗಳನ್ನು ಎದೆಗೆ ಸೆಳೆದು ಮುದುಡಿಕೊಳ್ಳುವುದೇ ಮೇಲು. ಬೋರಲು ತೇಲುವುದು ಬೆಚ್ಚನೆಯ ನೀರಿನ ವಿದ್ಯೆ, ಜೀವರಕ್ಷಕ ಅಂಗಿ ಇಲ್ಲದವನ ವಿದ್ಯೆ. ಈ ಪರೀಕ್ಷೆ ಅಳೆಯುವುದು ಕನಿಷ್ಠ ಅರ್ಹತೆಯನ್ನು ಮಾತ್ರ. ಕಡಲಿನಲ್ಲಿ ಜೀವರಕ್ಷಕ ಅಂಗಿಗೆ ಇದು ಬದಲಿಯಾಗಲಾರದು.