ಸೂರ್ಯನ ಧ್ವನಿಕಂಪನಗಳು

ಸೂರ್ಯನ ಒಳಗೆ ಸಂಚರಿಸುವ ಶಬ್ದತರಂಗಗಳಿಂದ ಅದರ ಮೇಲ್ಮೈಯಲ್ಲಿ ಉಂಟಾಗುವ ಏರಿಳಿತಗಳನ್ನು ಸೂರ್ಯನ ಧ್ವನಿಕಂಪನಗಳು ಎನ್ನುತ್ತಾರೆ. ಇವುಗಳ ಆವರ್ತಾಂಕಗಳನ್ನು ಅಳೆದು, ಗಣಿತ ಮಾದರಿಯ ಲೆಕ್ಕದೊಡನೆ ಹೋಲಿಸಿ ಸೂರ್ಯಗರ್ಭದ ಸ್ಥಿತಿಯನ್ನು ತಿಳಿಯುವ ಶಾಖೆಯೇ ಸೌರಕಂಪನ ವಿಜ್ಞಾನ ಅಥವಾ ಹೀಲಿಯೋಸೀಸ್ಮಾಲಜಿ. ಭೂಕಂಪದ ಅಲೆಗಳಿಂದ ಭೂಗರ್ಭವನ್ನು ಅರಿಯುವ ವಿಧಾನಕ್ಕೆ ಇದು ಹತ್ತಿರವಾದುದು. ಈ ಶಬ್ದವನ್ನು ಯಾರೂ ಕೇಳಲಾರರು, ಏಕೆಂದರೆ ಅದು ನಿರ್ವಾತವನ್ನು ದಾಟಿ ಬರುವುದಿಲ್ಲ. ಮೇಲ್ಮೈ ಏರಿಳಿಯುವಾಗ ರೋಹಿತ ರೇಖೆಗಳಲ್ಲಿ ಆಗುವ ಡಾಪ್ಲರ್ ಪಲ್ಲಟವನ್ನು ಅಳೆಯಲಾಗುತ್ತದೆ.

ಶೋಧ

1960ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ರಾಬರ್ಟ್ ಲೇಟನ್ ಮತ್ತು ಸಂಗಡಿಗರು ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಗಳಿಗೊಮ್ಮೆ ಏರಿಳಿಯುವುದನ್ನು ಕಂಡರು. ಇವು ಸೂರ್ಯನ ಒಳಗೆ ಸಿಕ್ಕಿಬಿದ್ದ ಸ್ಥಿರ ತರಂಗಗಳೆಂದು 1970ರಲ್ಲಿ ರೋಜರ್ ಉಲ್ರಿಚ್, 1971ರಲ್ಲಿ ಜಾನ್ ಲೀಬಾಕರ್ ಮತ್ತು ರಾಬರ್ಟ್ ಸ್ಟೈನ್ ವಿವರಿಸಿದರು. 1975ರಲ್ಲಿ ಫ್ರಾಂಜ್ ಡಾಯ್ಬ್ನರ್ ಅವರ ವೀಕ್ಷಣೆಗಳು ಇದನ್ನು ದೃಢಪಡಿಸಿದವು.

ಮೇಲ್ಪದರದ ಅನಿಲದ ಕುದಿತವೇ ಈ ತರಂಗಗಳ ಮೂಲ. ಆಳಕ್ಕೆ ಹೋದಂತೆ ತಾಪ ಹೆಚ್ಚಿ ಶಬ್ದದ ವೇಗವೂ ಹೆಚ್ಚುವುದರಿಂದ ತರಂಗವು ಬಾಗಿ ಮೇಲಕ್ಕೆ ಮರಳುತ್ತದೆ. ಮೇಲ್ಮೈಯಲ್ಲಿ ಸಾಂದ್ರತೆ ಥಟ್ಟನೆ ಇಳಿಯುವುದರಿಂದ ಮತ್ತೆ ಒಳಕ್ಕೆ ಪ್ರತಿಫಲಿಸುತ್ತದೆ. ಕೊಳಲಿನೊಳಗಿನ ಗಾಳಿಯಂತೆ ಇಲ್ಲಿಯೂ ಕೆಲವು ಆವರ್ತಾಂಕಗಳು ಮಾತ್ರ ಉಳಿದುಕೊಳ್ಳುತ್ತವೆ. ಬೇರೆ ಬೇರೆ ಕಂಪನಗಳು ಬೇರೆ ಬೇರೆ ಆಳವನ್ನು ಮುಟ್ಟಿ ಮರಳುವುದರಿಂದ ಪದರ ಪದರವಾಗಿ ಸೂರ್ಯನನ್ನು ಪರೀಕ್ಷಿಸಲು ಸಾಧ್ಯವಾಗಿದೆ.

ಮಾದರಿ ಮತ್ತು ನ್ಯೂಟ್ರಿನೋ ವಿವಾದ

ಸೂರ್ಯನ ರಾಶಿ ಮತ್ತು ರಾಸಾಯನಿಕ ಸಂಯೋಜನೆಯನ್ನು ಆಧಾರವಾಗಿಟ್ಟುಕೊಂಡು, ಅದರ ಸುಮಾರು 460 ಕೋಟಿ ವರ್ಷಗಳ ವಿಕಾಸವನ್ನು ಗಣಕದಲ್ಲಿ ಲೆಕ್ಕ ಹಾಕಲಾಗುತ್ತದೆ. ಇಂದಿನ ತ್ರಿಜ್ಯ ಮತ್ತು ಪ್ರಕಾಶ ಹೊಂದಿಕೆಯಾಗುವವರೆಗೆ ಹೀಲಿಯಂ ಪ್ರಮಾಣ ಮೊದಲಾದವನ್ನು ತಿದ್ದುತ್ತಾರೆ. ಅನಂತರ ಮಾದರಿಯ ಕಂಪನಗಳನ್ನು ನಿಜವಾದ ಕಂಪನಗಳೊಡನೆ ಹೋಲಿಸುತ್ತಾರೆ. ಮೇಲ್ಮೈಗೆ ತೀರ ಸಮೀಪದ ಪದರವನ್ನು ಲೆಕ್ಕಕ್ಕೆ ತರುವುದು ಇಂದಿಗೂ ಕಷ್ಟವಾಗಿದ್ದು, ಅಲ್ಲಿ ಪ್ರತ್ಯೇಕ ತಿದ್ದುಪಡಿ ಬೇಕಾಗುತ್ತದೆ.

ಈ ಹೋಲಿಕೆ ಒಂದು ದೊಡ್ಡ ವಿವಾದವನ್ನು ಬಗೆಹರಿಸಲು ನೆರವಾಯಿತು. ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ ರೇಮಂಡ್ ಡೇವಿಸ್ ನಡೆಸಿದ ಪ್ರಯೋಗದಲ್ಲಿ, ಮಾದರಿ ಹೇಳಿದ ನ್ಯೂಟ್ರಿನೋಗಳ ಸುಮಾರು ಮೂರನೆಯ ಒಂದು ಭಾಗ ಮಾತ್ರ ದೊರೆಯಿತು. ಸೂರ್ಯನ ತಿರುಳು ಎಣಿಸಿದ್ದಕ್ಕಿಂತ ತಂಪಾಗಿದ್ದರೆ ಈ ಕೊರತೆಯನ್ನು ಬಹುಮಟ್ಟಿಗೆ ವಿವರಿಸಬಹುದಿತ್ತು. ಆದರೆ ಕಂಪನಗಳಿಂದ ಪಡೆದ ಶಬ್ದವೇಗವು ಮಾದರಿಗಿಂತ ಶೇಕಡಾ 1ಕ್ಕೂ ಕಡಿಮೆ ವ್ಯತ್ಯಾಸ ತೋರಿತು. ಮಾದರಿ ಸರಿಯಿದೆ, ದೋಷ ನ್ಯೂಟ್ರಿನೋಗಳ ಬಗೆಗಿನ ತಿಳಿವಳಿಕೆಯಲ್ಲಿದೆ ಎಂಬ ವಾದ ಬಲಗೊಂಡಿತು. 2001–02ರಲ್ಲಿ ಕೆನಡಾದ ಸಡ್‌ಬರಿ ಪ್ರಯೋಗವು ನ್ಯೂಟ್ರಿನೋಗಳು ದಾರಿಯಲ್ಲಿ ಬಗೆ ಬದಲಿಸುತ್ತವೆ ಎಂದು ತೋರಿಸಿತು.

ಆದರೂ ಮಾದರಿಯನ್ನು ಪರಿಪೂರ್ಣ ಎನ್ನುವಂತಿಲ್ಲ. 2000ದ ದಶಕದಲ್ಲಿ ಮಾರ್ಟಿನ್ ಆಸ್‌ಪ್ಲಂಡ್ ಮತ್ತು ಇತರರು ಸೂರ್ಯನಲ್ಲಿನ ಆಮ್ಲಜನಕ, ಇಂಗಾಲಗಳ ಪ್ರಮಾಣವನ್ನು ತಗ್ಗಿಸಿ ಅಂದಾಜಿಸಿದ ಮೇಲೆ ಮಾದರಿಗೂ ಕಂಪನಗಳಿಗೂ ಇದ್ದ ಹೊಂದಿಕೆ ಕೆಟ್ಟಿತು. ಈ ಪ್ರಶ್ನೆ ಇನ್ನೂ ಚರ್ಚೆಯಲ್ಲಿದೆ.

ವೀಕ್ಷಣೆ

ರಾತ್ರಿಯ ಅಡ್ಡಿಯಿಲ್ಲದೆ ಸೂರ್ಯನನ್ನು ನೋಡಲು 1995ರಿಂದ ಗಾಂಗ್ ಎಂಬ ಆರು ಕೇಂದ್ರಗಳ ಜಾಲ ಕೆಲಸ ಮಾಡುತ್ತಿದೆ. ಭಾರತದ ಉದಯಪುರ ಅವುಗಳಲ್ಲೊಂದು. ಅದೇ ವರ್ಷ ಸೋಹೋ ನೌಕೆ ಉಡಾವಣೆಯಾಯಿತು.

ದೂರದ ನಕ್ಷತ್ರಗಳು ಚುಕ್ಕೆಗಳಾಗಿ ಕಾಣುವುದರಿಂದ ಅವುಗಳ ಕೆಲವೇ ಕಂಪನಗಳು ಅಳತೆಗೆ ಸಿಗುತ್ತವೆ. 2006ರ ಕೊರೋ, 2009ರ ಕೆಪ್ಲರ್ ದೂರದರ್ಶಕಗಳು ಇವನ್ನು ಅಳೆದವು. ಅನುಕ್ರಮ ಆವರ್ತಾಂಕಗಳ ನಡುವಿನ ಅಂತರ ಸೂರ್ಯನಲ್ಲಿ ಸುಮಾರು 135 ಮೈಕ್ರೋಹರ್ಟ್ಜ್. ಇತರ ನಕ್ಷತ್ರಗಳಲ್ಲಿ ಇದೇ ಅಂತರದಿಂದ ಸರಾಸರಿ ಸಾಂದ್ರತೆಯನ್ನು ಲೆಕ್ಕ ಹಾಕಲಾಗುತ್ತದೆ.