ಧಾರವಾಡ ಸೀಮೆಯ ಹತ್ತಿಯೂ ಜೋಳವೂ (1861–1878)

ಬೆಲೆಯೇರಿದ ಬೆಳೆಯನ್ನು ಬಿತ್ತುವುದು, ಬೆಲೆಯಿಳಿದುದನ್ನು ಬಿಡುವುದು, ಇಷ್ಟೇ ಒಕ್ಕಲಿಗನ ಎಣಿಕೆಯೆಂದು ಹಲವರು ಭಾವಿಸುವುದುಂಟು. ಬಿತ್ತುವ ದಿನದ ಧಾರಣೆಯು ಮಾರುವ ದಿನದ ಧಾರಣೆಯಲ್ಲವೆಂಬ ಒಂದು ಸಂಗತಿಯೇ ಈ ಭಾವನೆಯನ್ನು ಅಲ್ಲಗಳೆಯತಕ್ಕುದಾಗಿದೆ. ಇದಕ್ಕೆ ಧಾರವಾಡ ಸೀಮೆಯ 1861ರಿಂದ 1878ರ ವರೆಗಿನ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನವು ವಿರಳ.

ಅಂದಿನ ಧಾರವಾಡ ಜಿಲ್ಲೆಯಲ್ಲಿ ಇಂದಿನ ಗದಗ, ಹಾವೇರಿ ಜಿಲ್ಲೆಗಳ ಬಹುಭಾಗವೂ ಸೇರಿದ್ದಿತು. ನವಲಗುಂದ, ರೋಣ, ಗದಗ, ಹುಬ್ಬಳ್ಳಿಗಳ ಎರೆಯ ನೆಲದಲ್ಲಿ ಹತ್ತಿಯನ್ನು ಆಗಸ್ಟ್–ಸಪ್ಟಂಬರುಗಳಲ್ಲಿಯೂ ಹಿಂಗಾರಿ ಜೋಳವನ್ನು ಅದರ ಬೆನ್ನಿಗೆ ಸಪ್ಟಂಬರ್–ಅಕ್ಟೋಬರುಗಳಲ್ಲಿಯೂ ಬಿತ್ತುತ್ತಿದ್ದರು. ಒಂದೇ ಹೊಲವು ಎರಡಕ್ಕೂ ಒಪ್ಪುತ್ತಿದ್ದುದರಿಂದ, ಕೂರಿಗೆ ಹೂಡುವ ಮೊದಲೇ ಯಾವ ಬೀಜವೆಂಬುದನ್ನು ನಿಶ್ಚಯಿಸಬೇಕಾಗಿದ್ದಿತು. ಹತ್ತಿಯಲ್ಲಿಯೂ ಎರಡು ಜಾತಿ. ಜವಾರಿ ಹತ್ತಿಯು ಮಳೆಯ ಕೊರತೆಯನ್ನು ತಾಳುವಂಥದು. ಕುಮಟೆಯ ಬಂದರಿನಿಂದ ಹಡಗೇರುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟೆಯ ಹತ್ತಿಯೆಂದೇ ಹೆಸರು. ಇನ್ನೊಂದು, ಸರಕಾರದವರು 1840ರ ದಶಕದಲ್ಲಿ ಪ್ರಚಾರಕ್ಕೆ ತಂದ ಅಮೇರಿಕೆಯ ಹತ್ತಿ. ಅದರ ಎಳೆಯು ಬೀಜಕ್ಕೆ ಬಲವಾಗಿ ಅಂಟಿಕೊಂಡಿರುವುದರಿಂದ ಅರಳೆಯನ್ನು ಬಿಡಿಸಲು ಗರಗಸದ ಹಲ್ಲುಳ್ಳ ಯಂತ್ರವೇ ಬೇಕಾಗುತ್ತಿದ್ದಿತು.

1861ರ ಎಪ್ರಿಲಿನಲ್ಲಿ ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಅಂತರ್ಯುದ್ಧವು ಮೊದಲಾಯಿತು. ದಕ್ಷಿಣದ ಬಂದರುಗಳು ಮುಚ್ಚಿಹೋಗಿ ಲ್ಯಾಂಕಾಶಾಯರಿನ ಗಿರಣಿಗಳಿಗೆ ಅರಳೆಯು ದೊರೆಯದಾಯಿತು. ಲಿವರಪೂಲಿನಲ್ಲಿ 1860ರಲ್ಲಿ ಪೌಂಡಿಗೆ ಸುಮಾರು 6 ಪೆನ್ಸು ಇದ್ದ ಅಮೇರಿಕೆಯ ಮಧ್ಯಮ ತರಗತಿಯ ಅರಳೆಯು 1864ರಲ್ಲಿ 27 ಪೆನ್ಸಿಗೂ ಮೇಲೇರಿತು. ಹಿಂದುಸ್ಥಾನದ ಅರಳೆಗೂ ಅಪೂರ್ವವಾದ ಬೆಲೆ ಬಂದಿತು. 1862ರಲ್ಲಿ ಉತ್ತರ ಕನ್ನಡವು ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಧಾರವಾಡದ ಹತ್ತಿಗೆ ಕಾರವಾರದ ಬಂದರನ್ನು ಅನುಕೂಲಪಡಿಸಬೇಕೆಂಬ ವರ್ತಕರ ಒತ್ತಾಯವು ಇದಕ್ಕೆ ಒಂದು ಮುಖ್ಯ ಕಾರಣ.

ಈ ಏರಿಕೆಯಲ್ಲಿ ಅಡಗಿದ್ದ ಅಪಾಯವು 1864ರ ಬಿತ್ತನೆಯಲ್ಲಿ ಬಯಲಾಯಿತು. ಆ ವರ್ಷದ ಬೇಸಗೆಯ ಕೊನೆಗೆ ಧಾರಣೆಯು ತುತ್ತತುದಿಯನ್ನು ಮುಟ್ಟಿದ್ದಿತು. ಆಗ ಬಿತ್ತಿದ ಹತ್ತಿಯನ್ನು ಬಿಡಿಸುವ ಕಾಲವು 1865ರ ಫೆಬ್ರುವರಿಯಿಂದ ಎಪ್ರಿಲಿನ ವರೆಗೆ. ಎಪ್ರಿಲ್ 9ರಂದು ಸೇನಾಪತಿ ಲೀಯು ಶರಣಾಗತನಾದನು, ಯುದ್ಧವು ಮುಗಿಯಿತು, ಧಾರಣೆಯು ಕುಸಿಯಿತು. ಅದೇ ವರ್ಷದ ಜುಲೈಯಲ್ಲಿ ಮುಂಬಯಿಯ ಷೇರು ವ್ಯಾಪಾರವು ಮುರಿದುಬಿದ್ದು ಹೆಸರಾಂತ ಸಾಹುಕಾರರೇ ದಿವಾಳಿಯೆದ್ದರು. ಯುರೋಪಿಗೆ ತಂತಿಯ ಸಂಬಂಧವು ಆ ವರ್ಷವೇ ಹೊಸದಾಗಿ ಏರ್ಪಟ್ಟಿದ್ದಿತು. ಅದಕ್ಕೆ ಹಿಂದೆ ಲಿವರಪೂಲಿನ ವಾರ್ತೆಯು ಅಂಚೆಯ ಹಡಗಿನಲ್ಲಿ ವಾರಗಟ್ಟಲೆ ತಡೆದು ಬರುತ್ತಿದ್ದಿತು. ಬಿತ್ತುವವನಿಗೆ ತಿಳಿದಿದ್ದುದು ಕಳೆದುಹೋದ ಧಾರಣೆ. ಅವನು ಮಾರಬೇಕಾಗಿದ್ದುದು ಏಳೆಂಟು ತಿಂಗಳ ಮುಂದಣ ಧಾರಣೆಗೆ.

ಹೀಗಿದ್ದರೂ ಈ ಸೀಮೆಯ ಒಕ್ಕಲಿಗರು ಜೋಳವನ್ನು ಕೈಬಿಡಲಿಲ್ಲ. ಹತ್ತಿಯ ಹೊಲವು ಹೆಚ್ಚಿದುದು ನಿಜ. ಆದರೆ 1880ರ ಸುಮಾರಿನಲ್ಲಿಯೂ ಜಿಲ್ಲೆಯ ಬೆಳೆಗಳಲ್ಲಿ ಜೋಳಕ್ಕೇ ಅಗ್ರಸ್ಥಾನ. ಇದನ್ನು ಹಳೆಯ ರೂಢಿಯ ಜಡತೆಯೆಂದು ಹೇಳುವುದು ಯುಕ್ತವಲ್ಲ. ಮೊದಲನೆಯದಾಗಿ, ಹತ್ತಿಯ ಮೇಲೆ ಹತ್ತಿಯನ್ನು ಬಿತ್ತಿದರೆ ನೆಲವು ಸೊರಗುವುದೆಂದು ಬಲ್ಲವರಾಗಿ ಅವರು ಒಂದು ವರ್ಷ ಹತ್ತಿ, ಮರುವರ್ಷ ಜೋಳ ಅಥವಾ ಗೋದಿ ಎಂದು ಬೆಳೆಯನ್ನು ಬದಲಿಸುತ್ತಿದ್ದರು. ಎರಡನೆಯದಾಗಿ, ಜೋಳವು ಮನುಷ್ಯನಿಗೆ ರೊಟ್ಟಿಯನ್ನೂ ಎತ್ತಿಗೆ ಕಣಿಕೆಯನ್ನೂ ಒಟ್ಟಿಗೆ ಕೊಡುವುದು; ಹತ್ತಿಯಿಂದ ಕಣಿಕೆಯಿಲ್ಲ, ಎತ್ತಿಲ್ಲದೆ ಮುಂದಣ ಬಿತ್ತನೆಯಿಲ್ಲ. ಮೂರನೆಯದಾಗಿ, ಆ ದಶಕದಲ್ಲಿ ಕಾಳಿನ ಬೆಲೆಯೂ ಏರಿದ್ದುದರಿಂದ ಜೋಳವನ್ನು ಕೊಂಡು ತಿನ್ನುವವನ ಹತ್ತಿಯ ಲಾಭವು ಕರಗುತ್ತಿದ್ದಿತು. ಕಂದಾಯದ ನಗದಿಗೆ ಹತ್ತಿ, ಹಗೇವಿಗೆ ಜೋಳ: ಅವರ ನಿರ್ಣಯದ ಸಾರವು ಇದೇ.

ಮುಂದೆ ನಡೆದುದು ಈ ಎಚ್ಚರದ ಬೆಲೆಯನ್ನೂ ಅದರ ಮಿತಿಯನ್ನೂ ತೋರಿಸಿತು. 1870ರ ದಶಕದ ಪುನರ್ವಿಮರ್ಶೆಯಲ್ಲಿ ಕೆಲವು ತಾಲೂಕುಗಳ ಕಂದಾಯವನ್ನು, ಬೆಲೆಗಳು ಏರಿರುವವೆಂಬ ಕಾರಣದಿಂದ, ಹೆಚ್ಚಿಸಲಾಯಿತು. ಬೆಲೆಯು ಇಳಿದರೂ ಕಂದಾಯವು ಇಳಿಯುವಂತಿರಲಿಲ್ಲ. ಅಷ್ಟರಲ್ಲಿ 1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆಯು ತಪ್ಪಿತು. ಹತ್ತಿಯೂ ಜೋಳವೂ ಒಂದೇ ಹೊಲದಲ್ಲಿ ಒಣಗಿದವು. ಆದಕಾರಣ ಬರವನ್ನು ಹತ್ತಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಜೋಳದ ಬೆಲೆಯು ಎರಡು ಮಡಿಗೂ ಮಿಕ್ಕಿದಾಗ ಕೈಯಲ್ಲಿದ್ದ ಹಣವು ಹಗೇವಿನಲ್ಲಿದ್ದ ಕಾಳಿಗೆ ಸಮನಾಗಲಿಲ್ಲ. ರೈಲು ಇನ್ನೂ ಬಂದಿರಲಿಲ್ಲ. ಹತ್ತಿಯನ್ನು ಇಳಿಸಿದ ಘಟ್ಟದ ದಾರಿಗಳಲ್ಲಿಯೇ ಕರಾವಳಿಯ ಧಾನ್ಯವು ಗಾಡಿಗಳ ಮೇಲೆ ಏರಿಬರಬೇಕಾಯಿತು. ಮರುವರ್ಷದ ಈಶ್ವರ ಸಂವತ್ಸರವನ್ನೂ ಸೇರಿಸಿ ಜನರು ಆ ಬರವನ್ನು ನೆನೆಯುತ್ತಿದ್ದರು.

ಎಕರೆಗಳೂ ಧಾರಣೆಗಳೂ ಸರಕಾರಿ ದಫ್ತರಗಳಲ್ಲಿ ಬರೆದಿಡಲ್ಪಟ್ಟಿವೆ. ಬಿತ್ತುವ ಮುನ್ನ ಮನೆಯ ಕಟ್ಟೆಯ ಮೇಲೆ ನಡೆದ ವಿಚಾರವು ಅಲ್ಲಿ ದಾಖಲಾಗಿಲ್ಲ. ಅದರ ಗುರುತುಗಳು ಕೂರಿಗೆ, ಕಣಿಕೆ, ಹಗೇವು, ಹಿಂಗಾರಿ ಮೊದಲಾದ ಮಾತುಗಳಲ್ಲಿ ಉಳಿದಿವೆ. ಈ ಮಾತುಗಳನ್ನು ಕೇವಲ ಗ್ರಾಮ್ಯವೆಂದು ಬದಿಗಿರಿಸಿದರೆ, ದೂರದೇಶದ ಯುದ್ಧಕ್ಕೂ ತನ್ನ ಹೊಲದ ತೇವಕ್ಕೂ ನಡುವೆ ನಿಂತು ನಿರ್ಣಯಿಸಿದವನ ವಿವೇಕವು ನಾಡಿನ ಚರಿತ್ರೆಯಿಂದ ಮರೆಯಾಗುವುದು.